ಬಾಗಿಲ ಪಕ್ಕದ ಬೆಂಚು

ನಮ್ಮಪ್ಪನಿಗೆ ಎರಡು ಕೆಲಸ. ಒಂದು, ಸಿನಿಮಾ ಟಾಕೀಸಿನ ಬಾಲ್ಕನಿಯಲ್ಲಿ ಗೇಟ್‌ಕೀಪರ್. ಇನ್ನೊಂದು, ಹೆದರುವುದು. ಮೊದಲನೆಯದಕ್ಕೆ ವಾರಕ್ಕೊಂದು ರಜೆಯಾದರೂ ಇತ್ತು, ಎರಡನೆಯದಕ್ಕೆ ಅದೂ ಇರಲಿಲ್ಲ.

ಅವನು ಹುಟ್ಟು ಅಂಜುಬುರುಕನೇನಲ್ಲ ಎಂದು ಅಜ್ಜಿ ಆಣೆ ಮಾಡಿ ಹೇಳುತ್ತಿದ್ದಳು. ಹೆತ್ತವಳು ಹೇಳಿದ ಮೇಲೆ ನಂಬಬೇಕು. ನಾನು ಹುಟ್ಟುವ ಮೊದಲು, ಅವನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ತುಂಬಿದ ಆಟದ ನಡುವೆ ಬಾಲ್ಕನಿಯಲ್ಲಿ ಯಾರೋ "ಹೊಗೆ!" ಎಂದು ಕೂಗಿದರಂತೆ. ಬೆಂಕಿಯೇನೂ ಇರಲಿಲ್ಲ, ಯಾರೋ ಕದ್ದು ಬೀಡಿ ಸೇದಿದ್ದರು ಅಷ್ಟೆ. ಆದರೆ ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಮುಂದಿನವರು ಎಳೆಯುವಷ್ಟರಲ್ಲಿ ಹಿಂದಿನವರು ನುಗ್ಗಿದರು. ಅಪ್ಪ ಆಚೆ ಬದಿಯಲ್ಲಿ ನಿಂತು ಭುಜ ಕೊಟ್ಟು ದೂಡಿದ, ಅದು ಒಂದು ಗೇಣೂ ಸರಿಯಲಿಲ್ಲ. ಯಾರ ಜೀವವೂ ಹೋಗಲಿಲ್ಲ. ಒಬ್ಬ ಮುದುಕನ ಪಕ್ಕೆಲುಬು ಮುರಿಯಿತು, ಒಬ್ಬ ಬಸುರಿಯನ್ನು ನಾಲ್ಕು ಜನ ಎತ್ತಿಕೊಂಡು ಹೋದರು. ಹಾಲ್ ಖಾಲಿಯಾದ ಮೇಲೆ ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿಗಳನ್ನು ಅಪ್ಪನೇ ಜೋಡಿ ಹುಡುಕಿ ಹುಡುಕಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ. ಅವನ್ನು ಕೇಳಿಕೊಂಡು ಒಬ್ಬರೂ ಬರಲಿಲ್ಲವಂತೆ.

ಆವತ್ತಿನಿಂದ ಎಲ್ಲಿಗೆ ಹೋದರೂ ಅಪ್ಪನ ಕಣ್ಣು ಮೊದಲು ಬಾಗಿಲಿಗೆ. ಎಷ್ಟು ಬಾಗಿಲು, ಯಾವ ಕಡೆಗೆ ತೆರೆಯುತ್ತವೆ, ಚಿಲಕ ಎಲ್ಲಿದೆ. ನೆಂಟರ ಮನೆಯಲ್ಲೂ ಕೂರುವ ಮೊದಲು ಹಿತ್ತಿಲ ಬಾಗಿಲು ನೋಡಿಕೊಂಡು ಬರುತ್ತಿದ್ದ. ಬೀದಿಯವರು ಅವನಿಗೆ ಬಾಗಿಲಪ್ಪ ಎಂದು ಹೆಸರಿಟ್ಟಿದ್ದರು. ನನಗೆ ಶಾಲೆಯಲ್ಲಿ ಬಾಗಿಲಪ್ಪನ ಮಗಳು ಅನ್ನಿಸಿಕೊಳ್ಳುವ ಭಾಗ್ಯ ಪುಕ್ಕಟೆಯಾಗಿ ಸಿಕ್ಕಿತು.

ಇಂಥವನಿಗೆ ಗಂಟುಬಿದ್ದವಳು ನಮ್ಮಮ್ಮ. ವಾರದ ಆರು ದಿನ ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಹಾಕುವವಳಿಗೆ ಭಾನುವಾರ ಮನೆಯಲ್ಲಿ ಕೂತರೆ ಮೈ ಹತ್ತಿಕೊಂಡು ಉರಿಯುತ್ತಿತ್ತು. ಊರಿನ ಯಾವ ಮೂಲೆಯಲ್ಲಿ, ಯಾವ ಸಂಘದವರು, ಯಾವ ಬೀದಿಯವರು ಏನು ಹಬ್ಬ ಮಾಡಿಕೊಳ್ಳಲಿ, ಅಮ್ಮನಿಗೆ ಗೊತ್ತಾಗುತ್ತಿತ್ತು. ಗೋಡೆಗೆ ಅಂಟಿಸಿದ ಕರಪತ್ರಗಳನ್ನು ಓದುತ್ತಾ ಓದುತ್ತಾ ಕೆಲಸಕ್ಕೆ ಹೋಗುವುದು ಅವಳ ಅಭ್ಯಾಸ. ಹೂ ಬೆಳೆಯುವವರ ಮೇಳ, ಬಡಗಿಗಳ ದಿನ, ಹಾಡುವ ಹಕ್ಕಿ ಸಾಕುವವರ ಸ್ಪರ್ಧೆ, ಸೈಕಲ್ ರಿಪೇರಿಯವರು ನಡೆಸುವ ನಿಧಾನ ಸೈಕಲ್ ಓಟ. ದೊಡ್ಡ ಜಾತ್ರೆಗಳೆಂದರೆ ಅವಳಿಗೂ ಅಷ್ಟಕ್ಕಷ್ಟೆ. ಇಂಥ ಸಣ್ಣ ಹಬ್ಬಗಳಲ್ಲಿ ಮನೆಯವರೇ ಮನೆಯವರಿಗೆ ಟೀ ಕೊಟ್ಟ ಹಾಗೆ ಕೊಡುತ್ತಾರೆ ಎನ್ನುತ್ತಿದ್ದಳು. ಅಜ್ಜಿ ಬರುತ್ತಿದ್ದುದು ಟೀ ಜೊತೆ ಕೊಡುವ ಬನ್ನಿಗಾಗಿ. ನಾನು ಬರುತ್ತಿದ್ದುದು ನೋಡುವುದಕ್ಕಾಗಿ. ಅಪ್ಪ ಬರುತ್ತಿದ್ದುದು ನಾವು ಮೂವರೂ ಬರುತ್ತೇವೆಂಬ ಒಂದೇ ಕಾರಣಕ್ಕೆ.

"ನೀವೆಲ್ಲ ಅಲ್ಲಿ, ನಾನು ಇಲ್ಲಿ ಕೂತ್ರೆ ನನ್ನ ಎದೆ ಒಡೆದುಹೋಗುತ್ತೆ" ಎನ್ನುತ್ತಿದ್ದ.

ಬರುವುದಕ್ಕೆ ಅವನದೊಂದು ಷರತ್ತು. ಯಾವತ್ತೂ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರಬೇಕು. ಅವನಿಗೇನಾದರೂ ಅಪಾಯ ಕಂಡರೆ ಮಾಮೂಲಿ ದನಿಯಲ್ಲಿ, "ಮನೆ ಬೀಗ ಹಾಕಿದ್ದೀವಾ?" ಎಂದು ಕೇಳುತ್ತಾನೆ. ಕೇಳಿದ ತಕ್ಷಣ ಎದ್ದು ಹೊರಗೆ ನಡೆಯಬೇಕು. ಓಡಬಾರದು, ಯಾಕೆ ಎನ್ನಬಾರದು, ಹೆಸರು ಕೂಗಬಾರದು, ಹಿಂದಿರುಗಿ ನೋಡಬಾರದು. ಅಪಾಯ ಎಂಬ ಮಾತು ಯಾರ ಬಾಯಿಂದ ಬಂದರೂ ಅಪಾಯಕ್ಕಿಂತ ಮೊದಲು ಅದೇ ಜನರನ್ನು ಕೊಲ್ಲುತ್ತದೆ, ಅದಕ್ಕೇ ಈ ಬೀಗದ ಮಾತು. ಅಕ್ಕಪಕ್ಕದವರು ಬೀಗ ಮರೆತು ಬಂದಿದ್ದಾರೆ ಪಾಪ ಎಂದು ಕನಿಕರದಿಂದ ದಾರಿ ಬಿಡುತ್ತಿದ್ದರು. ಮೊದಲನೇ ಸಲ ಅಜ್ಜಿ ಮಾತ್ರ, "ಹಾಕಿದೀವಪ್ಪಾ, ನಾನೇ ಎರಡು ಸಲ ಜಗ್ಗಿ ನೋಡಿದೆ" ಎಂದು ಬನ್ನು ತಿನ್ನುತ್ತಾ ಕೂತಿದ್ದಳು.

ಏಳು ಹಬ್ಬಗಳಲ್ಲಿ ಏಳು ಸಲ ಅಪ್ಪ ಆ ಪ್ರಶ್ನೆ ಕೇಳಿದ. ಹಕ್ಕಿ ಸ್ಪರ್ಧೆಯಲ್ಲಿ ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದವು ಎಂದು. ಬಡಗಿಗಳ ದಿನ ಒಂದು ವೈರು ಬಿಸಿಯಾಗಿದೆ ಎಂದು. ಬೊಂಬೆಯಾಟದ ಡೇರೆಗೆ ಒಂದೇ ಬಾಯಿ, ಅದರಲ್ಲೂ ಒಬ್ಬ ಬಲೂನಿನವನು ನಿಂತಿದ್ದಾನೆ ಎಂದು. ಏಳು ಸಲವೂ ಏನೂ ಆಗಲಿಲ್ಲ. ಯಾವ ಹಕ್ಕಿ ಗೆದ್ದಿತು, ಬೊಂಬೆ ರಾಜನ ಗತಿ ಏನಾಯಿತು, ನನಗೆ ಇಂದಿಗೂ ಗೊತ್ತಿಲ್ಲ. ಸೋಮವಾರ ಶಾಲೆಯಲ್ಲಿ ಗೆಳತಿಯರು ಕೊನೆಯ ಭಾಗ ಹೇಳಿಕೊಂಡು ನಗುವಾಗ ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಹದಿಮೂರು ವರ್ಷದ ಹುಡುಗಿಗೆ ಅದೇನು ಸಣ್ಣ ನೋವೇ?

ಎಂಟನೆಯದು ಅಚ್ಚುಕೂಟದ ಕೆಲಸಗಾರರ ಸಂಘದ ಹಬ್ಬ. ಹಳೆಯ ಕಾಗದದ ಗೋದಾಮನ್ನು ಅವರು ಸಭಾಂಗಣ ಮಾಡಿಕೊಂಡಿದ್ದರು. ಸಿಮೆಂಟಿನ ನೆಲ, ಮುಂದೆ ಒಂದು ವೇದಿಕೆ, ಹಿಂದೆ ಬಾಗಿಲ ಮೇಲ್ಗಡೆ ಮರದ ಅಟ್ಟಣಿಗೆ. ಹಿಂದೆ ಕಾಗದದ ಕಟ್ಟು ಇಡುತ್ತಿದ್ದ ಆ ಅಟ್ಟಣಿಗೆಯಲ್ಲಿ ಈಗ ಒಂಬತ್ತು ಸಾಲು ಬೆಂಚು. ಒಳಗೆ ಬಂದವನೇ ಅಪ್ಪ ಬಾಗಿಲು ನೋಡಿದ. ಎರಡು ಅಗಲವಾದ ಬಾಗಿಲು, ಎರಡೂ ಹೊರಕ್ಕೆ ತೆರೆಯುತ್ತಿದ್ದವು, ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಅವನ ಮುಖದ ಮೇಲೆ ನಾನು ಅಷ್ಟು ನೆಮ್ಮದಿ ನೋಡಿದ್ದೇ ಅಪರೂಪ.

"ಇವತ್ತು ಕೊನೇ ತನಕ ಕೂರೋಣ" ಎಂದ. ಬಾಗಿಲಿಗೆ ಅಂಟಿಕೊಂಡ ಕಟ್ಟಕಡೆಯ ಬೆಂಚಿನಲ್ಲಿ ನಮ್ಮನ್ನು ಕೂರಿಸಿದ.

ಜನ್ಮವಿಡೀ ಬಾಗಿಲು ನೋಡಿದವನು ತಲೆ ಎತ್ತಿ ಮೇಲೆ ನೋಡುವುದನ್ನು ಮರೆತಿದ್ದ. ಆ ಬೆಂಚು ಅಟ್ಟಣಿಗೆಯ ನಡುಮಧ್ಯದ ಕೆಳಗಿತ್ತು.

ಅಂದಿನ ಮುಖ್ಯ ಸ್ಪರ್ಧೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರಗಳನ್ನು, ಜೋಡಿಸುವುದು. ನಲವತ್ತು ಐವತ್ತು ವರ್ಷ ಅದೇ ಕೆಲಸ ಮಾಡಿದ ಹಿರಿಯರು ಮೊಳೆಪೆಟ್ಟಿಗೆಯ ಮುಂದೆ ನಿಂತರು. ಸಂಘದ ಕಾರ್ಯದರ್ಶಿ ಒಂದೊಂದೇ ಸಾಲು ಓದುತ್ತಾರೆ, ಇವರು ಬೆರಳಿನಿಂದಲೇ ಹುಡುಕಿ ಅಕ್ಷರ ಜೋಡಿಸಬೇಕು. ಓದಿದ್ದು ಕೇಳಬೇಕಾದ್ದರಿಂದ ಸಭೆಯಲ್ಲಿ ಉಸಿರಿನ ಸದ್ದೂ ಇರಬಾರದು. ಎಷ್ಟು ನಿಶ್ಶಬ್ದವೆಂದರೆ ಮೊಳೆಗೆ ಮೊಳೆ ತಾಗುವ ಟಿಕ್ ಟಿಕ್ ನಮ್ಮ ಬೆಂಚಿನವರೆಗೂ ಕೇಳುತ್ತಿತ್ತು. ಮೊದಲ ಸುತ್ತು ಮುಗಿದಾಗ ಗೊತ್ತಾಯಿತು, ಇವರು ಚಪ್ಪಾಳೆ ತಟ್ಟುವವರಲ್ಲ. ಕಾಲಿನಿಂದ ತುಳಿಯುವ ಮೆಷಿನ್‌ನಲ್ಲಿ ಅಚ್ಚು ಹಾಕಿದ ಕಾಲದಿಂದ ಬಂದ ರೂಢಿಯಂತೆ, ಕೈ ತುಂಬ ಮಸಿಯಿರುತ್ತಿದ್ದುದರಿಂದ ಮೆಚ್ಚಿದ್ದನ್ನು ನೆಲಕ್ಕೆ ಕಾಲು ಬಡಿದು ಹೇಳುತ್ತಾರೆ. ಕೆಳಗಿನವರು ಬಡಿದರು, ಅಟ್ಟಣಿಗೆಯವರೂ ಬಡಿದರು. ಅಜ್ಜಿಯ ತಲೆಯ ಮೇಲೆ ಹಿಟ್ಟು ಉದುರಿಸಿದಂತೆ ಧೂಳು ಬಿತ್ತು. "ಅಯ್ಯೋ, ಬನ್ನಿಗೆ ಬಿತ್ತು" ಎಂದು ಅವಳು ಊದಿಕೊಂಡಳು.

ಅಪ್ಪ ತಲೆ ಎತ್ತಿದ. ಆಮೇಲೆ ಇಳಿಸಲೇ ಇಲ್ಲ.

ಎರಡನೇ ಸುತ್ತಿಗೆ ಮತ್ತೆ ಕಾಲು ಬಡಿದರು. ಸದ್ದು ನಿಂತ ಮೇಲೆ, ಸುಣ್ಣ ಬಳಿದಂತೆ ಬಿಳಿಚಿದ ಅವನ ಮುಖ ನಮ್ಮ ಕಡೆ ತಿರುಗಿತು.

"ಮನೆ ಬೀಗ ಹಾಕಿದ್ದೀವಾ?"

ಅಮ್ಮ ನಿಟ್ಟುಸಿರು ಬಿಟ್ಟು ಎದ್ದಳು. ಅಜ್ಜಿ ಬನ್ನನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ನಾನು ಏಳಲಿಲ್ಲ. ವೇದಿಕೆಯ ಮೇಲೆ ಕೊನೆಯ ಮೂವರು ಹಿರಿಯರಿಗೆ ಕಣ್ಣು ಕಟ್ಟುತ್ತಿದ್ದರು. ಈ ಒಂದನ್ನಾದರೂ ಕೊನೆಯವರೆಗೆ ನೋಡಿಯೇ ಸೈ ಎಂದು ಹಲ್ಲು ಕಚ್ಚಿ ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಅಪ್ಪ, ಅಮ್ಮ, ಅಜ್ಜಿ ಮೂವರೂ ಸಾಲಾಗಿ ಬಾಗಿಲು ದಾಟಿದರು. ಒಬ್ಬರೂ ಹಿಂದಿರುಗಿ ನೋಡಲಿಲ್ಲ. ನೋಡಬಾರದು ಎಂದು ಕಲಿಸಿದ್ದವನೇ ಅಪ್ಪ, ಅಷ್ಟು ಚೆನ್ನಾಗಿ ಕಲಿಸಿದ್ದ. ನನ್ನನ್ನು ಬಿಟ್ಟು ಹೋಗಿದ್ದೇವೆಂದು ಅವರಿಗೆ ಗೊತ್ತೇ ಇರಲಿಲ್ಲ. ಮೊದಲು ಗೆದ್ದೆ ಅನ್ನಿಸಿತು, ಒಂದು ನಿಮಿಷ ಕಳೆದ ಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿದೆ.

ಬಾಗಿಲು ಮೆಲ್ಲಗೆ ತೆರೆಯಿತು. ಅಪ್ಪ ಒಳಗೆ ಬಂದು ನನ್ನ ಪಕ್ಕ ಕೂತ.

"ನಾನು ಬರಲ್ಲ" ಎಂದೆ, ವೇದಿಕೆಯ ಮೇಲಿಂದ ಕಣ್ಣು ಕೀಳದೆ.

"ಸರಿ" ಎಂದ.

ಬೈಯುತ್ತಾನೆ, ರಟ್ಟೆ ಹಿಡಿದು ಎಳೆಯುತ್ತಾನೆ ಎಂದು ಕಾದಿದ್ದವಳಿಗೆ ಈ ಸರಿ ಸರಿಹೋಗಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಅವನ ಮೊಣಕಾಲು ತಂತಾನೇ ನಡುಗುತ್ತಿತ್ತು, ಅದನ್ನು ಕೈಯಿಂದ ಅದುಮಿ ಹಿಡಿದಿದ್ದ, ಈಗ ಕೈಯೂ ಸೇರಿ ನಡುಗುತ್ತಿತ್ತು. ಕಿವಿಯ ಹಿಂದಿನಿಂದ ಬೆವರು ಕಾಲರಿಗೆ ಇಳಿಯುತ್ತಿತ್ತು. ಅವನ ಕಣ್ಣು ಹೋದ ಕಡೆ ನನ್ನ ಕಣ್ಣೂ ಹೋಯಿತು.

ಅಟ್ಟಣಿಗೆಯನ್ನು ಹೊತ್ತ ದಪ್ಪ ತೊಲೆ ಗೋಡೆಯಿಂದ ಹೊರಗೆ ಸರಿದಿತ್ತು. ಸುಣ್ಣ ಹಚ್ಚಿದ ಭಾಗ ಮುಗಿದು, ಅದುವರೆಗೆ ಗೋಡೆಯೊಳಗೆ ಹುದುಗಿದ್ದ ನಾಲ್ಕು ಬೆರಳು ಬರಿಯ ಕಂದು ಮರ ಕಾಣುತ್ತಿತ್ತು. ಇನ್ನು ಗೋಡೆಯೊಳಗೆ ಎಷ್ಟು ಉಳಿದಿದೆಯೋ ಕಾಣುತ್ತಿರಲಿಲ್ಲ. ಮೇಲೆ ಯಾರೋ ಕಾಲು ಬದಲಿಸಿದರು. ತೊಲೆ ಕಿರ್ ಎಂದಿತು, ಗೋಡೆಯ ಬಾಯಿಂದ ಮಣ್ಣು ಸುರಿಯಿತು.

ಏಳಬೇಕೆಂದುಕೊಂಡೆ, ಬೆಂಚಿನ ಅಂಚು ಬಿಡಲು ಕೈ ಒಪ್ಪಲಿಲ್ಲ. ಏಳು ಸಲ ಏನೂ ಆಗಿರಲಿಲ್ಲ, ಹಾಗಾಗಿ ಎಂಟನೆಯ ಸಲ ಹೇಗೆ ಹೆದರಬೇಕೆಂದೇ ನನಗೆ ಗೊತ್ತಿರಲಿಲ್ಲ.

"ಅಪ್ಪಾ, ಹೋಗೋಣ."

"ಹೂಂ. ಮೆಲ್ಲಗೆ ಏಳು. ಹೊರಗೆ ಹೋಗಿ ಎರಡೂ ಬಾಗಿಲು ಪೂರ್ತಿ ತೆಗೆದು ಹಿಡಕೋ. ಯಾರಿಗೂ ಏನೂ ಹೇಳಬೇಡ."

"ನೀನು?"

"ಮೇಲೆ ನೂರಾ ಎಪ್ಪತ್ತು ಜನ ಇದಾರೆ, ಎಣಿಸಿದೀನಿ. ಈ ಮೂವರಲ್ಲಿ ಒಬ್ಬರು ಗೆದ್ರೆ ಅಷ್ಟೂ ಜನ ಎದ್ದು ಕಾಲು ಬಡೀತಾರೆ."

ಹೇಗೆ ಹೊರಗೆ ಹೋದೆನೋ ತಿಳಿಯದು. ಅಮ್ಮ ಹೊಸಿಲಲ್ಲೇ ನನ್ನನ್ನು ಹಿಡಿದು ತೋಳು ಚಿವುಟಿದಳು, ಆ ಕಲೆ ವಾರವಿಡೀ ಇತ್ತು. ನಾನು ಮೇಲಕ್ಕೆ ಬೆರಳು ತೋರಿಸಿದೆ. ತೊಲೆ ನೋಡಿದಳು, ಆಮೇಲೆ ಅದರ ಕೆಳಗಿನಿಂದ ಸಭೆಯ ಪಕ್ಕದ ದಾರಿಯಲ್ಲಿ ವೇದಿಕೆಯತ್ತ ನಡೆದುಹೋಗುತ್ತಿದ್ದ ಗಂಡನನ್ನು ನೋಡಿದಳು. ಬಾಯಿ ತೆರೆದಳು, ಕೂಗಲಿಲ್ಲ. ಬಂದು ಇನ್ನೊಂದು ಬಾಗಿಲನ್ನು ಹಿಡಿದು ನಿಂತಳು.

ಅಪ್ಪ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದ. ಆ ಮನುಷ್ಯ ಅಟ್ಟಣಿಗೆಯತ್ತ ಒಮ್ಮೆ ನೋಡಿ ಕೈಯಲ್ಲಿದ್ದ ಕಾಗದವನ್ನು ಕೆಳಗೆ ಬೀಳಿಸಿಕೊಂಡರು. ಆದರೆ ಅವರೂ ಗಟ್ಟಿ ಆಸಾಮಿಯೇ. ಕಾಗದ ಎತ್ತಿಕೊಂಡು, "ಈ ಸಲ ಸ್ಪರ್ಧೆ ಎಷ್ಟು ಸಾಲು ಅಂತ ಹೇಳಲ್ಲ. ನಾನು ನಿಲ್ಲಿಸೋ ತನಕ ಜೋಡಿಸ್ತಾ ಇರಬೇಕು" ಎಂದರು.

ಕಣ್ಣು ಕಟ್ಟಿಕೊಂಡವರಲ್ಲಿ ಒಬ್ಬರು, "ಓದಯ್ಯಾ, ನಿನ್ನ ಗಂಟಲು ಮೊದಲು ಸೋಲುತ್ತೋ ನನ್ನ ಬೆರಳೋ ನೋಡೋಣ" ಎಂದರು. ಜನ ನಕ್ಕರು. ಅಟ್ಟಣಿಗೆಯ ಮೇಲೆ ಯಾರೋ ಖುಷಿಗೆ ಒಂದೇ ಒಂದು ಸಲ ಕಾಲು ಬಡಿದರು. ನಾನು ಬಾಗಿಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಆಗ ಅಪ್ಪನ ದನಿ ಮೈಕಿನಲ್ಲಿ ಕೇಳಿಸಿತು. ಅದು ಮನೆಯ ದನಿಯಲ್ಲ, ಟಾಕೀಸಿನದು. ಇಪ್ಪತ್ತು ವರ್ಷ ಜನರಿಗೆ ಕತ್ತಲಲ್ಲಿ ದಾರಿ ಹೇಳಿದ, ಅವಸರವೇ ಗೊತ್ತಿಲ್ಲದ ದನಿ.

"ಅಟ್ಟಣಿಗೆಯಲ್ಲಿ ಕೂತವರಿಗೆ ಹಿರಿಯರ ಬೆರಳು ಕಾಣ್ತಿಲ್ಲ ಅಂತ ವೇದಿಕೆ ಮುಂದೆ ನೆಲದಲ್ಲಿ ಜಾಗ ಮಾಡಿದೀವಿ. ಮೊದಲನೇ ಸಾಲಿನವರು ಮಾತ್ರ ಏಳಿ. ಚಪ್ಪಲಿ ಕೈಯಲ್ಲಿರಲಿ. ಹಿರಿಯರು ಕಿವಿ ಕೊಟ್ಟು ಕೆಲಸ ಮಾಡ್ತಿದಾರೆ, ಹೆಜ್ಜೆ ಸದ್ದು ಆಗಬಾರದು."

ಹೇಳಿ, ಮೂಲೆಯ ಮರದ ಮೆಟ್ಟಿಲು ಹತ್ತಿ ಮೇಲೆ ಹೋದ. ಯಾವ ಹೆದರಿಕೆಯ ಮನುಷ್ಯ ಬೀಳುವ ಅಟ್ಟಣಿಗೆಯ ಮೇಲಕ್ಕೆ ಹೋಗುತ್ತಾನೆ ಹೇಳಿ? ಜೇಬಿನಿಂದ ಟಾರ್ಚು ತೆಗೆದು ಹಾಡಹಗಲಲ್ಲಿ ಮೆಟ್ಟಿಲಿಗೆ ಬೆಳಕು ಬಿಟ್ಟ. ಟಾರ್ಚಿಗೆ ಜನ ಅದೆಷ್ಟು ವಿಧೇಯರು! ಬೆಳಕು ಬಿದ್ದಲ್ಲಿ ಹೆಜ್ಜೆಯಿಟ್ಟು ಬೆಕ್ಕಿನಂತೆ ಇಳಿದರು. ಒಂದು ಸಾಲು, ಎರಡು ಸಾಲು. ಇತ್ತ ಕಾರ್ಯದರ್ಶಿಯ ಕಾಗದದಲ್ಲಿ ಓದುವ ಸಾಲುಗಳು ಮುಗಿದವು. ಆಹ್ವಾನಪತ್ರಿಕೆ ಓದಿದರು, ಅದು ಮುಗಿದು ಗೋಡೆಯ ಮೇಲಿದ್ದ 'ಎಲೆಅಡಿಕೆ ಉಗುಳಬಾರದು' ಎಂಬ ಫಲಕವನ್ನೂ ಓದಿದರು, ಹಿರಿಯರು ಅದನ್ನೂ ಜೋಡಿಸಿದರು. ಕಾರ್ಯದರ್ಶಿಯ ದನಿ ಬರಬರುತ್ತಾ ಒಡೆಯುತ್ತಿತ್ತು. ನಾನು ಇಳಿದವರನ್ನು ಎಣಿಸುತ್ತಿದ್ದೆ, ಎಣಿಕೆ ತಪ್ಪುತ್ತಿತ್ತು, ಮತ್ತೆ ಎಣಿಸುತ್ತಿದ್ದೆ. ಅಜ್ಜಿ ಹಿಂದಿನಿಂದ, "ನನ್ನ ಮಗ ಎಲ್ಲಿ, ನನ್ನ ಮಗ ಎಲ್ಲಿ" ಎಂದು ಕೇಳುತ್ತಲೇ ಇದ್ದಳು.

ಒಂಬತ್ತನೇ ಸಾಲು ಇಳಿಯಿತು. ಅಪ್ಪ ಇಳಿಯಲಿಲ್ಲ. ಅಟ್ಟಣಿಗೆಯ ನಡುವೆ, ಕಂಬಿಗೆ ತಲೆಯಾನಿಸಿ ಒಬ್ಬ ಸ್ಥೂಲದೇಹದ ಮನುಷ್ಯ ಸುಖವಾಗಿ ನಿದ್ದೆ ಹೊಡೆಯುತ್ತಿದ್ದ. ಕೆಳಗಿನಿಂದ ಕೂಗುವಂತಿಲ್ಲ. ಅಪ್ಪ ಹಲಗೆಯ ಮೇಲೆ ಒಂದೊಂದೇ ಹೆಜ್ಜೆಯಿಡುತ್ತಾ ಅವನ ಹತ್ತಿರ ಹೋದ. ಪ್ರತಿ ಹೆಜ್ಜೆಗೂ ತೊಲೆ ನರಳುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಳು. ನನಗೆ ಮುಚ್ಚಲಾಗಲಿಲ್ಲ, ಮುಚ್ಚಿದರೆ ಬೀಳುತ್ತದೆ ಅನ್ನಿಸಿತ್ತು. ಅಪ್ಪ ಬಗ್ಗಿ ಅವನ ಭುಜ ಮುಟ್ಟಿ, ಆಟ ಬಿಟ್ಟ ಮೇಲೆ ಕುರ್ಚಿಯಲ್ಲಿ ಉಳಿದವರನ್ನು ಎಬ್ಬಿಸುವ ಹಾಗೆ ಮೃದುವಾಗಿ ಎಬ್ಬಿಸಿದ. ಅವನನ್ನು ಮುಂದೆ ಕಳಿಸಿದ, ಅವನು ಮೆಟ್ಟಿಲು ಮುಟ್ಟುವ ತನಕ ತಾನು ಅಲ್ಲೇ ನಿಂತ. ಇಬ್ಬರ ಭಾರ ಒಂದೇ ಕಡೆ ಬೀಳಬಾರದೆಂದು. ಆ ಭಾರಿ ಆಸಾಮಿ ಆಕಳಿಸುತ್ತಾ ಇಳಿದ ಅಷ್ಟು ಹೊತ್ತು ನಾನು ಉಸಿರಾಡಿದ ನೆನಪಿಲ್ಲ.

ಆಮೇಲೆ ಅಪ್ಪ ಇಳಿದು ಬಂದ. ಕಾರ್ಯದರ್ಶಿ ಅರ್ಧ ಸಾಲಿಗೆ ಓದು ನಿಲ್ಲಿಸಿದರು. ಗಂಟಲಿನ ಬಗ್ಗೆ ಪಂಥ ಕಟ್ಟಿದ್ದ ಹಿರಿಯರೇ ಗೆದ್ದರು. ಜನರೆಲ್ಲ ಸಿಮೆಂಟಿನ ನೆಲಕ್ಕೆ ಕಾಲು ಬಡಿದರು. ಅಟ್ಟಣಿಗೆ ಬೀಳಲಿಲ್ಲ. ಕಾರಣ ತಿಳಿದ ಮೇಲೆ ಕೆಲವರು ಮುಸಿಮುಸಿ ನಕ್ಕರು ಕೂಡ, ಬಾಗಿಲಪ್ಪನಿಗೆ ಈಗ ಸೂರಿನದೂ ಭಯ ಹತ್ತಿದೆ ಎಂದು. ಅಷ್ಟರಲ್ಲಿ ಸಂಘದವರು ಕರೆಸಿದ ಬಡಗಿ ಏಣಿ ಹತ್ತಿ, ತೊಲೆ ಕೂತಿದ್ದ ಗೋಡೆಯ ಸಂದಿಗೆ ಕೈ ಹಾಕಿದ. ಒಳಗೆ ಗೆದ್ದಲು ತಿಂದು ಬಿಟ್ಟ ಪುಡಿ ಬೊಗಸೆ ತುಂಬ ಬಂತು.

"ಹಿಡಕೊಂಡಿರೋದು ಎರಡು ಬೆರಳು ಮರ ಸ್ವಾಮಿ" ಎಂದ. "ಮೇಲಿಂದ ಇನ್ನೊಂದು ಸಲ ಕಾಲು ಬಡಿದಿದ್ರೆ ಕೆಳಗಿನ ಬೆಂಚಲ್ಲಿ ಕೂತವರನ್ನ ಗುರುತು ಹಿಡಿಯೋಕೂ ಆಗ್ತಿರಲಿಲ್ಲ."

ನಗುತ್ತಿದ್ದವರು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಅಪ್ಪ ಗಡಿಯಾರ ನೋಡಿ, ಮೂರರ ಆಟಕ್ಕೆ ತಡವಾಯಿತೆಂದು ನೇರ ಟಾಕೀಸಿಗೆ ಹೊರಟುಹೋದ. ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಒಂದು ಕರಪತ್ರವನ್ನೂ ಓದಲಿಲ್ಲ.

ಸಂಜೆ ಆರಕ್ಕೆ ಅವನ ಊಟದ ಡಬ್ಬಿ ತೆಗೆದುಕೊಂಡು ನಾನೇ ಹೋದೆ. ಬಾಲ್ಕನಿಯ ಹೊರಗಿನ ಓಣಿಯಲ್ಲಿ, ಹರಿದ ಟಿಕೆಟ್ ತುಂಬಿದ ತಗಡಿನ ಡಬ್ಬದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಒಳಗೆ ಆಟ ನಡೆಯುತ್ತಿತ್ತು. ನನಗೆ ಬೈಯಲಿ, ಒಂದೆರಡು ಬಾರಿಸಲಿ ಎಂದು ಬಯಸಿದ್ದೆ. ಅವನು ಡಬ್ಬಿ ಬಿಚ್ಚಿ ತಿನ್ನತೊಡಗಿದ.

"ಬೀಳುತ್ತೆ ಅಂತ ಗೊತ್ತಿತ್ತಲ್ಲ. ನನ್ನನ್ನ ಎಳಕೊಂಡು ಹೋಗಬಹುದಿತ್ತು" ಎಂದೆ.

"ಎಳೆದಿದ್ರೆ ನೀನು ಕೂಗ್ತಿದ್ದೆ. ನೀನು ಕೂಗಿದ್ರೆ ಏನೋ ಆಯ್ತು ಅಂತ ಮೇಲಿನವರೆಲ್ಲ ಎದ್ದುಬಿಡ್ತಿದ್ರು."

"ಮತ್ತೆ ಸುಮ್ಮನೆ ಬಂದು ಯಾಕೆ ಕೂತೆ?"

"ಸುಮ್ಮನೆ ಎಲ್ಲಿ ಕೂತಿದ್ದೆ" ಎಂದ ಅಪ್ಪ. "ಬಿದ್ರೆ ನಿನ್ನ ಮೇಲೆ ಹೇಗೆ ಬಗ್ಗೋದು ಅಂತ ಲೆಕ್ಕ ಹಾಕ್ತಿದ್ದೆ. ಸರಿಹೋಗಲಿಲ್ಲ. ನೀನು ಉದ್ದ ಆಗಿಬಿಟ್ಟಿದೀಯ ಮಗಳೇ. ಹೇಗೆ ಬಗ್ಗಿದ್ರೂ ನಿನ್ನ ಕಾಲು ಹೊರಗೆ ಉಳೀತಿತ್ತು."